1977ರಲ್ಲಿ ಮೊದಲು ಯಾವುದು?

ತೀರ್ಥಹಳ್ಳಿ ತಾಲೂಕಿನ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಸುಲಿಯಲು ಕೂತಾಗ ಊರಿನ ಗೆಳೆಯರು ಒಂದೊಂದು ವರ್ಷವನ್ನು ಎತ್ತಿಕೊಳ್ಳುತ್ತಾರೆ. ಆ ವರ್ಷದ ಕನ್ನಡ ಸಿನಿಮಾಗಳಲ್ಲಿ ಮೊದಲು ಯಾವುದು, ಎರಡನೆಯದು ಯಾವುದು ಎಂದು ವಾದ ನಡೆಯುತ್ತದೆ. ಈ ಸಲ 1977. ಹುಡುಗರೆಲ್ಲ ‘ಘಟಶ್ರಾದ್ಧ’ ಎಂದರು. ಅದು ನಮ್ಮ ತಾಲೂಕಿನವರ ಸಿನಿಮಾ, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬೇರೆ ಬಂದಿದೆ ಎಂಬುದು ಅವರ ವಾದ. ಊರೆಲ್ಲ ದೊಡ್ಡಪ್ಪ ಎಂದು ಕರೆಯುವ ಹಿರಿಯರೊಬ್ಬರು ‘ಬಭ್ರುವಾಹನ’ ಎಂದರು. ಪ್ರಶಸ್ತಿ ಸಿನಿಮಾಕ್ಕೆ ಬೇಕಾದರೆ ಬೇರೆ ಪಟ್ಟಿ ಮಾಡಿ, ಅದು ನಮ್ಮ ಕಡೆ ಆ ವರ್ಷ ಬಂದೇ ಇರಲಿಲ್ಲ ಎಂದೂ ಹೇಳಿದರು. ಅಷ್ಟರಲ್ಲಿ ಒಬ್ಬ ಹುಡುಗ, ‘ಬಭ್ರುವಾಹನ ಅಂದ್ರೆ ಬರೀ ಕೂಗಾಟ’ ಎಂದುಬಿಟ್ಟ. ದೊಡ್ಡಪ್ಪ ಮೆಟ್ಟುಗತ್ತಿ ಬಿಟ್ಟು ಎದ್ದು ಹೋದವರು ಮತ್ತೆ ಬಂದಿಲ್ಲ. ನೀವೇ ತೀರ್ಮಾನ ಮಾಡಿ ಎಂದು ಓದುಗರು ಕೇಳಿದ್ದಾರೆ.

ನಮಸ್ಕಾರ.

ನಿಮ್ಮ ಪತ್ರ ಓದಿ ಖುಷಿಯಾಯಿತು. ಕೊನೆಗೆ ಬರುವಾಗ ಬೇಸರವೂ ಆಯಿತು. ಮೊದಲ ಸ್ಥಾನ ಯಾವುದಕ್ಕೆ ಎಂಬುದನ್ನು ಹೇಳದೆ ಜಾರಿಕೊಳ್ಳುವುದಿಲ್ಲ, ಖಂಡಿತ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ದೊಡ್ಡಪ್ಪನವರ ಎರಡು ಮಾತಿಗೆ ಉತ್ತರ ಕೊಡಬೇಕು. ಅವರು ಸುಮ್ನೆ ಹಟಕ್ಕೆ ಹೇಳಿದ ಮಾತುಗಳಲ್ಲ ಅವು.

ಒಂದು, ವರ್ಷದ ಲೆಕ್ಕ. ಆಗ ಒಂದು ಸಿನಿಮಾಕ್ಕೆ ಇರುತ್ತಿದ್ದುದೇ ಕೆಲವು ಪ್ರಿಂಟು. ಅವು ಬೆಂಗಳೂರಲ್ಲಿ ಓಡಿ, ಜಿಲ್ಲೆಯ ಪೇಟೆಗಳಲ್ಲಿ ಓಡಿ, ಆಮೇಲೆ ತಾಲೂಕಿಗೆ ಬರಬೇಕಿತ್ತು. ಟೆಂಟಿಗೆ ಬರುವಷ್ಟರಲ್ಲಿ ರೀಲಿನ ತುಂಬ ಗೀಟು ಬಿದ್ದಿರುತ್ತಿತ್ತು. ನಮ್ಮ ಮಲೆನಾಡಿನ ಮಳೆಯಲ್ಲಿ ಟೆಂಟು ನಿಲ್ಲುವ ಹಾಗೂ ಇರಲಿಲ್ಲ. ಹಾಗಾಗಿ ಬೆಂಗಳೂರಿನ 1977 ಬೇರೆ, ತೀರ್ಥಹಳ್ಳಿಯ 1977 ಬೇರೆ. ಅದರಲ್ಲೂ ‘ಘಟಶ್ರಾದ್ಧ’ದಂಥ ಸಿನಿಮಾ ಊರೂರಿಗೆ ಬರುವುದು ಕಷ್ಟವೇ ಇತ್ತು. ದೊಡ್ಡಪ್ಪನವರು ಕಂಡದ್ದನ್ನೇ ಹೇಳಿದ್ದಾರೆ.

ಆದರೆ ನೋಡಿದ ವರ್ಷವನ್ನೇ ಹಿಡಿದು ಹೊರಟರೆ ಒಬ್ಬೊಬ್ಬರದು ಒಂದೊಂದು ಪಟ್ಟಿಯಾಗುತ್ತದೆ. ‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರ್ 29ಕ್ಕೆ. ಆ ವರ್ಷದಲ್ಲಿ ಅದಕ್ಕೆ ಸಿಕ್ಕಿದ್ದು ಮೂರೇ ದಿನ. ಕರ್ನಾಟಕದ ಬಹುಪಾಲು ಜನ ಅದನ್ನು ನೋಡಿದ್ದು ಆಮೇಲೆ. ಹಾಗಂತ ಅದನ್ನು 1972ರ ಸಿನಿಮಾ ಅಲ್ಲ ಎನ್ನುವವರು ಯಾರೂ ಇಲ್ಲ. ನಮ್ಮ ಸಾಗರದ ನಾ. ಡಿಸೋಜರ ಕಾದಂಬರಿಯಿಂದ ಬಂದ ‘ದ್ವೀಪ’ಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು 2001ರ ಲೆಕ್ಕದಲ್ಲಿ, ಚಿತ್ರಮಂದಿರಕ್ಕೆ ಬಂದದ್ದು 2002ರಲ್ಲಿ. ರಾಷ್ಟ್ರಪ್ರಶಸ್ತಿಯವರು ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕಿದ ವರ್ಷವನ್ನು ನೋಡುತ್ತಾರೆ. ನೀವೂ ಅದನ್ನೇ ಇಟ್ಟುಕೊಳ್ಳಿ. ಆ ಲೆಕ್ಕದಲ್ಲಿ ‘ಘಟಶ್ರಾದ್ಧ’ 1977ರದ್ದೇ. ಈ ವಿಷಯದಲ್ಲಿ ಹುಡುಗರು ಸರಿ.

ಎರಡು, ಬೇರೆ ಪಟ್ಟಿಯ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಪ್ರಶಸ್ತಿ ಸಿನಿಮಾ, ಜನರ ಸಿನಿಮಾ ಅಂತ ಗೋಡೆ ಕಟ್ಟಿದರೆ ಎರಡು ಕಡೆಯವರಿಗೂ ನಷ್ಟ. ಆ ಗೋಡೆ ನಾವು ಅಂದುಕೊಂಡಷ್ಟು ಗಟ್ಟಿಯೂ ಅಲ್ಲ. ‘ಬಭ್ರುವಾಹನ’ದಲ್ಲಿ ಅರ್ಜುನನೂ ಆಗಿ, ಮಗ ಬಭ್ರುವಾಹನನೂ ಆಗಿ ನಿಂತ ರಾಜ್‌ಕುಮಾರ್ ಬೆಳೆದದ್ದು ಗುಬ್ಬಿ ಕಂಪನಿಯ ನಾಟಕಗಳಲ್ಲಿ. ‘ಘಟಶ್ರಾದ್ಧ’ಕ್ಕೆ ಸಂಗೀತ ಕೊಟ್ಟು ರಾಷ್ಟ್ರಪ್ರಶಸ್ತಿ ಪಡೆದ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದೂ ಅದೇ ಗುಬ್ಬಿ ಕಂಪನಿಯನ್ನು. ಒಂದೇ ಕಂಪನಿಯ ಅನ್ನ ಉಂಡವರು ಒಂದೇ ವರ್ಷ ಈ ಎರಡು ಸಿನಿಮಾಗಳಲ್ಲಿ ಕೆಲಸ ಮಾಡಿದ್ದಾರೆ. ನಾವು ಯಾಕೆ ಅವರನ್ನು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಬೇಕು?

ನಿಮ್ಮ ಆಟದ ಸೊಗಸು ಇರುವುದೇ ಅಲ್ಲಿ. ‘ಒಳ್ಳೆಯ ಸಿನಿಮಾಗಳನ್ನು ಹೇಳಿ’ ಎಂದರೆ ಎಲ್ಲರೂ ತಮಗಿಷ್ಟವಾದದ್ದನ್ನು ಹೇಳಿ ಸುಮ್ಮನಾಗುತ್ತಾರೆ. ಒಂದು ವರ್ಷ ಅಂತ ಬೇಲಿ ಹಾಕಿದಾಗ, ಒಟ್ಟಿಗೆ ಕೂರಿಸಬೇಕೆಂದು ಯಾರಿಗೂ ಹೊಳೆಯದ ಸಿನಿಮಾಗಳು ಅಕ್ಕಪಕ್ಕ ಬಂದು ಕೂರುತ್ತವೆ. ಆಗ ಹೋಲಿಸಲೇಬೇಕಾಗುತ್ತದೆ. ಹೋಲಿಸಲು ಕಾರಣ ಹುಡುಕಬೇಕಾಗುತ್ತದೆ.

ಇನ್ನು ‘ನಮ್ಮ ತಾಲೂಕಿನದು’ ಎಂಬ ಹುಡುಗರ ಮಾತು. ‘ಘಟಶ್ರಾದ್ಧ’ದ ನಿರ್ದೇಶಕ ಗಿರೀಶ ಕಾಸರವಳ್ಳಿ ನಿಮ್ಮ ತಾಲೂಕಿನ ಕೆಸಲೂರಿನವರು. ಕಥೆ ಬರೆದ ಯು.ಆರ್. ಅನಂತಮೂರ್ತಿ ಹುಟ್ಟಿದ್ದು ಮೇಳಿಗೆಯಲ್ಲಿ. ಹೆಮ್ಮೆ ಪಡಿ, ಪಡಬೇಕಾದ್ದೇ. ಆದರೆ ಊರಿನ ಅಭಿಮಾನಕ್ಕೆ ನಂಬರ್ ಕೊಡುವುದಾದರೆ ‘ಬಭ್ರುವಾಹನ’ವೂ ದೂರದ್ದಲ್ಲ. ಅಪ್ಪ ಮಗ ಕಾದಾಡುವ ಆ ಕಥೆಯನ್ನು ಕನ್ನಡದ ಮನೆಮನೆಗೆ ತಂದದ್ದು ಲಕ್ಷ್ಮೀಶನ ಜೈಮಿನಿ ಭಾರತ. ಲಕ್ಷ್ಮೀಶನ ಊರು ಕಡೂರು ತಾಲೂಕಿನ ದೇವನೂರು. ಚಿಕ್ಕಮಗಳೂರು ಜಿಲ್ಲೆ ನಮಗೇನು ಪರದೇಶವೇ? ಮಳೆಗಾಲದಲ್ಲಿ ಮನೆಗಳಲ್ಲಿ ವೇಷ, ಕುಣಿತವಿಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ತಾಳಮದ್ದಲೆಯಲ್ಲಿ ಈ ಪ್ರಸಂಗ ಕೇಳಿದವರು ನಿಮ್ಮೂರಲ್ಲೇ ಎಷ್ಟು ಮಂದಿ ಇಲ್ಲ!

‘ಬರೀ ಕೂಗಾಟ’ ಎಂದ ಹುಡುಗನಿಗೆ ನಾನು ಹೇಳಬೇಕಾದದ್ದೂ ಇದನ್ನೇ. ತಮ್ಮಾ, ತಾಳಮದ್ದಲೆ ಕೇಳಿದ ಕಿವಿಯಲ್ಲಿ ಒಮ್ಮೆ ಆ ಸಿನಿಮಾ ಕೇಳು. ಹುಣಸೂರು ಕೃಷ್ಣಮೂರ್ತಿಯವರು ನಾಟಕದ ಭಾಷೆ ಬಲ್ಲ ನಿರ್ದೇಶಕರು. ಅಲ್ಲಿ ಮಾತೇ ಯುದ್ಧ. ಅಪ್ಪ ಒಂದು ಮಾತು ಎಸೆಯುತ್ತಾನೆ, ಮಗ ಅದನ್ನು ಹಿಡಿದು ತಿರುಗಿಸಿ ಎಸೆಯುತ್ತಾನೆ. ‘ಯಾರು ತಿಳಿಯರು’ ಹಾಡಿನಲ್ಲಿ ಅರ್ಜುನನಿಗೆ ಪಿ.ಬಿ. ಶ್ರೀನಿವಾಸ್ ಕಂಠ, ಬಭ್ರುವಾಹನನಿಗೆ ರಾಜ್‌ಕುಮಾರ್ ಅವರದೇ ಕಂಠ. ವರ್ಷಗಟ್ಟಲೆ ರಾಜ್ ಅವರ ದನಿಯಾಗಿ ಹಾಡಿದವರು ಪಿ.ಬಿ.ಎಸ್. ಅವರು ಇಲ್ಲಿ ಅಪ್ಪ, ರಾಜ್ ಅವರ ಸ್ವಂತ ದನಿ ಮಗ. ಟಿ.ಜಿ. ಲಿಂಗಪ್ಪನವರ ಸಂಗೀತದಲ್ಲಿ ಆ ಎರಡು ದನಿ ಎದುರಾಗುವುದನ್ನು ಕೇಳುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಕಣ್ಣಿಗೂ ಕೆಲಸವಿದೆ. ಆಗ ಕಂಪ್ಯೂಟರ್ ಇರಲಿಲ್ಲ. ದ್ವಿಪಾತ್ರ ಅಂದರೆ ಲೆನ್ಸಿನ ಅರ್ಧ ಮುಚ್ಚಿ ಒಮ್ಮೆ ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೊಮ್ಮೆ ಚಿತ್ರೀಕರಿಸುವುದು. ಇಲ್ಲವೆ ಬೆನ್ನು ತೋರಿಸಿ ನಿಲ್ಲುವ ಬದಲಿ ನಟ. ಎದುರಿಗೆ ಯಾರೂ ಇಲ್ಲದಾಗಲೂ ನಟನ ಕಣ್ಣು ಸರಿಯಾದ ಜಾಗವನ್ನೇ ನೋಡಬೇಕು, ಸಿಟ್ಟು ಸರಿಯಾದ ಹೊತ್ತಿಗೇ ಬರಬೇಕು. ರಾಜ್ ಅವರ ಅರ್ಜುನ ನಿಲ್ಲುವ ರೀತಿ ಬೇರೆ, ಬಭ್ರುವಾಹನ ನಿಲ್ಲುವ ರೀತಿ ಬೇರೆ. ಅರ್ಜುನನಲ್ಲಿ ಗೆದ್ದು ಗೆದ್ದು ಬಂದ ಗರ್ವ. ಮಗನಲ್ಲಿ ಮೊದಲು ಭಕ್ತಿ, ಚಿತ್ರಾಂಗದೆಯ ಶೀಲದ ಬಗ್ಗೆ ಅಪ್ಪ ಆಡಬಾರದ ಮಾತಾಡಿದ ಮೇಲೆ ಬೆಂಕಿ. ಇದು ಕೂಗಾಟವಲ್ಲ.

ಹಾಗಾದರೆ ಮೊದಲ ಸ್ಥಾನ ಅದಕ್ಕೇನಾ? ಅಲ್ಲ. ನನ್ನ ಮತ ‘ಘಟಶ್ರಾದ್ಧ’ಕ್ಕೆ. ಸ್ವರ್ಣಕಮಲ ಬಂದಿದೆ ಅಂತಲ್ಲ, ನಿಮ್ಮ ತಾಲೂಕಿನದು ಅಂತಲೂ ಅಲ್ಲ.

ಕಥೆ ನಿಮಗೆ ಗೊತ್ತಿದೆ. ಅಗ್ರಹಾರದ ಉಡುಪರ ವೇದಪಾಠಶಾಲೆಗೆ ನಾಣಿ ಎಂಬ ಪುಟ್ಟ ಹುಡುಗ ಬರುತ್ತಾನೆ. ಉಡುಪರ ವಿಧವೆ ಮಗಳು ಯಮುನಾ ಅವನಿಗೆ ಅಕ್ಕನ ಹಾಗೆ. ಅವಳು ಶಾಲೆ ಮೇಷ್ಟರಿಂದ ಬಸುರಾಗುತ್ತಾಳೆ. ಊರು ಅವಳನ್ನು ಬದುಕಿರುವಾಗಲೇ ಸತ್ತಳೆಂದು ಎಣಿಸಿ ಶ್ರಾದ್ಧ ಮಾಡಿ ಹೊರಗೆ ಹಾಕುತ್ತದೆ. ಇದನ್ನು ಕಣ್ಣೀರಿನ ಕಥೆ ಮಾಡುವುದು ಸುಲಭವಿತ್ತು. ಖಳರನ್ನು ನಿಲ್ಲಿಸಿ ಬೈಯುವುದೂ ಸುಲಭವಿತ್ತು. ಕಾಸರವಳ್ಳಿ ಎರಡನ್ನೂ ಮಾಡಲಿಲ್ಲ. ಎಲ್ಲವನ್ನೂ ನಾಣಿಯ ಪಕ್ಕದಲ್ಲಿ ನಿಂತು ತೋರಿಸಿದರು. ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ, ಆದರೆ ಎಲ್ಲ ಕಾಣುತ್ತದೆ. ಯಮುನಾ ಹಾವಿನ ಹುತ್ತಕ್ಕೆ ಕೈ ಹಾಕುವಾಗ ಅವನಿಗಾಗುವ ಭಯವೇ ನಮಗೂ ಆಗುತ್ತದೆ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಚಿತ್ರೀಕರಣದಲ್ಲಿ ಮಲೆನಾಡಿನ ಕತ್ತಲೆ ನಿಜವಾದ ಕತ್ತಲೆ. ನಮ್ಮ ಕಾಡು, ನಮ್ಮ ಜಗಲಿ ಸಿನಿಮಾದಲ್ಲಿ ಎಷ್ಟೋ ಸಲ ಬರೀ ಚಂದದ ಹಿನ್ನೆಲೆಯಾಗಿ ಬಂದಿವೆ. ಇಲ್ಲಿ ಹಾಗಲ್ಲ. ಮೀನಾ ಕುಟ್ಟಪ್ಪನವರ ಯಮುನಾ ಜಾಸ್ತಿ ಮಾತಾಡುವುದಿಲ್ಲ, ಆಡಬೇಕಾಗಿಯೂ ಇಲ್ಲ. ನಾಣಿಯಾಗಿ ನಟಿಸಿದ ಅಜಿತ್ ಕುಮಾರ್‌ಗೆ ಬಾಲನಟ ಪ್ರಶಸ್ತಿ ಬಂತು.

ಕೊನೆಯಲ್ಲಿ ತಲೆ ಬೋಳಿಸಿಕೊಂಡ ಯಮುನಾ ಮರದ ಕೆಳಗೆ ಕೂತಿದ್ದಾಳೆ. ಮುದುಕ ಉಡುಪರು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಿದ್ದಾರೆ. ಮಗಳಿಗೆ ಒಂದು ನ್ಯಾಯ, ಅಪ್ಪನಿಗೆ ಒಂದು ನ್ಯಾಯ. ಸಿನಿಮಾ ಅದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಪುಣೆಯಲ್ಲಿ ಸಿನಿಮಾ ಕಲಿತು ಬಂದ ಹುಡುಗ, 30 ತುಂಬುವ ಮೊದಲೇ, ತನ್ನ ಮೊದಲ ಚಿತ್ರದಲ್ಲಿ ತನ್ನದೇ ನೆಲದ ಬದುಕನ್ನು ಇಷ್ಟು ನೇರವಾಗಿ ನೋಡಿದ. ಬೇರೆ ಊರಿನವರು ನಮ್ಮ ತಪ್ಪು ತೋರಿಸುವುದು ಒಂದು ಬಗೆ, ಒಳಗಿನವರೇ ತೋರಿಸುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಧೈರ್ಯ ಜಾಸ್ತಿ ಬೇಕು. ‘ಬಭ್ರುವಾಹನ’ ನಮಗೆ ಗೊತ್ತಿದ್ದ ಕಥೆಯನ್ನು ಅದ್ಭುತವಾಗಿ ಹೇಳಿತು. ‘ಘಟಶ್ರಾದ್ಧ’ ನಮಗೆ ಗೊತ್ತಿದ್ದೂ ನಾವು ಹೇಳದೆ ಇದ್ದದ್ದನ್ನು ಹೇಳಿತು. ನನ್ನ ಮಟ್ಟಿಗೆ ಇದೇ ವ್ಯತ್ಯಾಸ, ಇದಕ್ಕೇ ಮೊದಲ ಸ್ಥಾನ. 2024ರಲ್ಲಿ ಅದರ ಪ್ರತಿಯನ್ನು ಹೊಸದಾಗಿ ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಪ್ರತಿ ನಮ್ಮ ಶಿವಮೊಗ್ಗದ ಜನಕ್ಕೂ ದೊಡ್ಡ ಪರದೆಯ ಮೇಲೆ ಸಿಗಬೇಕು ಎಂಬುದು ನನ್ನ ಆಸೆ.

ಎರಡನೆಯದು ‘ಬಭ್ರುವಾಹನ’. ಮೂರನೆಯದಾಗಿ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಹೆಸರು ಸೇರಿಸುತ್ತೇನೆ: ಎಂ.ಎಸ್. ಸತ್ಯು ಅವರ ‘ಕನ್ನೇಶ್ವರ ರಾಮ’. 1920ರ ದಶಕದ ಡಕಾಯಿತನೊಬ್ಬನ ಕಥೆ. ಅನಂತನಾಗ್, ಶಬಾನಾ ಆಜ್ಮಿ ಇದ್ದಾರೆ, ಸಂಗೀತ ಇದಕ್ಕೂ ಕಾರಂತರದ್ದೇ. ಪ್ರಶಸ್ತಿ ಸಿನಿಮಾ, ಜನರ ಸಿನಿಮಾ ಎಂಬ ಜಗಳಕ್ಕೆ ಇದನ್ನು ನೋಡಿದರೇ ಉತ್ತರ ಸಿಗುತ್ತದೆ. ‘ಸನಾದಿ ಅಪ್ಪಣ್ಣ’ ನಾಲ್ಕನೆಯದು. ಬಿಸ್ಮಿಲ್ಲಾ ಖಾನರ ಶಹನಾಯಿಯೂ ಎಸ್. ಜಾನಕಿಯವರ ‘ಕರೆದರೂ ಕೇಳದೆ’ಯೂ ಇರುವ ಸಿನಿಮಾವನ್ನು ನಾಲ್ಕಕ್ಕೆ ಇಳಿಸಬೇಕಾಗುತ್ತದೆ ಎಂದರೆ ಆ ವರ್ಷ ಎಂಥದ್ದಿತ್ತು ನೋಡಿ. ‘ಕಾಕನಕೋಟೆ’, ‘ತಬ್ಬಲಿಯು ನೀನಾದೆ ಮಗನೆ’, ‘ಗಿರಿಕನ್ಯೆ’ ಆಮೇಲೆ ಬರುತ್ತವೆ. ಅವುಗಳ ಜಗಳ ನಿಮಗೇ ಬಿಟ್ಟಿದ್ದೇನೆ.

ಈಗ ದೊಡ್ಡಪ್ಪನವರ ವಿಷಯ. ‘ಘಟಶ್ರಾದ್ಧ’ಕ್ಕೆ ಮತ ಹಾಕಿದವರಲ್ಲಿ ಅರ್ಧಕ್ಕರ್ಧ ಮಂದಿ ಅದನ್ನು ನೋಡಿಯೇ ಇಲ್ಲ ಎಂದು ನೀವೇ ಬರೆದಿದ್ದೀರಿ. ನನಗೆ ಪತ್ರದಲ್ಲಿ ಜಾಸ್ತಿ ನೋವಾದದ್ದು ಆ ಮಾತಿಗೆ. ದೊಡ್ಡಪ್ಪನವರು ತಾವು ನೋಡಿದ್ದಕ್ಕೆ ಮತ ಹಾಕಿದರು. ಹುಡುಗರು ಕೇಳಿದ್ದಕ್ಕೆ ಹಾಕಿದರು. ಉತ್ತರ ನನ್ನದೇ ಆದರೂ ಆ ಮತಕ್ಕೆ ಬೆಲೆ ಇಲ್ಲ. ನಾವಿರುವುದು ಹೆಗ್ಗೋಡಿನಂಥ ಹಳ್ಳಿ ಇರುವ ಜಿಲ್ಲೆಯಲ್ಲಿ. 1973ರಲ್ಲೇ ಅಲ್ಲಿನ ರಂಗಸಂಸ್ಥೆ ನೀನಾಸಂ, ಸಿನಿಮಾ ತೋರಿಸಿ ಚರ್ಚಿಸುವ ಚಿತ್ರಸಮಾಜ ಕಟ್ಟಿತು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಜಗತ್ತಿನ ದೊಡ್ಡ ಸಿನಿಮಾಗಳನ್ನು ಹಳ್ಳಿಯವರ ಮುಂದೆ ಇಟ್ಟು, ನೋಡಿ, ಆಮೇಲೆ ಮಾತಾಡಿ ಎಂದರು. ಮೊದಲು ನೋಡುವುದು, ಮಾತು ಆಮೇಲೆ. ಈ ಕ್ರಮ ನಮ್ಮ ಜಿಲ್ಲೆಗೆ ಹೊಸದಲ್ಲ.

ಹಾಗಾಗಿ ಹೀಗೆ ಮಾಡಿ. ಆ ಹುಡುಗ ದೊಡ್ಡಪ್ಪನವರ ಮನೆಗೆ ಹೋಗಿ ಕರೆಯಲಿ, ಬೇರೆಯವರ ಹತ್ತಿರ ಹೇಳಿ ಕಳಿಸುವುದು ಬೇಡ. ಎರಡೂ ಸಿನಿಮಾವನ್ನು ಎಲ್ಲರೂ ಒಟ್ಟಿಗೆ ಕೂತು ನೋಡಿ. ‘ಬಭ್ರುವಾಹನ’ದ ಬಗ್ಗೆ ಮೊದಲು ದೊಡ್ಡಪ್ಪನವರು ಮಾತಾಡಲಿ, ‘ಘಟಶ್ರಾದ್ಧ’ದ ಬಗ್ಗೆಯೂ ಮೊದಲು ಅವರೇ ಮಾತಾಡಲಿ. ಆ ಅಗ್ರಹಾರದ ಕಾಲವನ್ನು ಹತ್ತಿರದಿಂದ ಕಂಡವರು ಅವರು. ಆ ಸಿನಿಮಾದಲ್ಲಿ ನಿಮಗೆ ಕಾಣದ್ದು ಅವರಿಗೆ ಕಾಣಬಹುದು. ಆಮೇಲೆ ಮತ್ತೆ ಮತ ಹಾಕಿ. ಆಗಲೂ ಅವರು ‘ಬಭ್ರುವಾಹನ’ ಎಂದರೆ ಅದು ಅವರ ಮತ, ಯಾರೂ ಕೆಣಕಬಾರದು.

ಪಟ್ಟಿ ಸಿದ್ಧವಾದ ಮೇಲೆ ನಮಗೆ ಕಳಿಸಿ, ಪ್ರಕಟಿಸುತ್ತೇವೆ. ಒಂದೇ ಷರತ್ತು: ಪ್ರತಿ ಸಿನಿಮಾದ ಎದುರು ಅದಕ್ಕೆ ಆ ಜಾಗ ಯಾಕೆ ಎಂದು ಎರಡು ಸಾಲು ಇರಬೇಕು. ಬರೀ ನಂಬರ್ ಬೇಡ. ದೊಡ್ಡಪ್ಪನವರ ಎರಡು ಸಾಲನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ.

— ಸಂಪಾದಕ