ಮಗುವಿಗೆ ಕಿವಿ ಕೇಳಿಸುತ್ತಿಲ್ಲ ಅನ್ನೋ ಅನುಮಾನ. ಸರ್ಕಾರದಿಂದ ಏನು ಸಹಾಯ ಸಿಗುತ್ತದೆ, ಎಲ್ಲಿಂದ ಶುರು ಮಾಡಬೇಕು?

ಮಗಳಿಗೆ 14 ತಿಂಗಳು, ಹಿಂದೆ ಪಾತ್ರೆ ಬಿದ್ದರೂ ತಿರುಗಲ್ಲ, ಮನೆಯಲ್ಲಿ ‘ಇನ್ನೂ ಸ್ವಲ್ಪ ದಿನ ನೋಡೋಣ’ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ನೋಡುತ್ತಾ ಕೂರಬೇಡಿ. ಈ ವಾರವೇ ಹೊರಡಿ.

ನನ್ನ ಮಗನದೂ ಇದೇ ಕಥೆ. ನಾವು ಮದ್ದೂರಿನ ಕಡೆಯವರು. ‘ಗಂಡುಮಕ್ಕಳಿಗೆ ಮಾತು ತಡ, ಅವರಪ್ಪ ಮೂರು ವರ್ಷಕ್ಕೆ ಮಾತಾಡಿದ್ದು’ ಅಂತ ಅತ್ತೆ ಹೇಳಿದರು. ಡಾಕ್ಟರೊಬ್ಬರು ಅವನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಅವನು ತಿರುಗಿದ. ‘ಏನೂ ತೊಂದರೆ ಇಲ್ಲಮ್ಮ’ ಅಂದರು. ಅವನು ತಿರುಗಿದ್ದು ಗೋಡೆ ಮೇಲೆ ಆಡಿದ ನೆರಳು ನೋಡಿ. ಆ ಒಂದು ಚಪ್ಪಾಳೆ ನಂಬಿಕೊಂಡು ಹತ್ತು ತಿಂಗಳು ಕಳೆದೆವು.

ಇಷ್ಟು ಚಿಕ್ಕ ಮಕ್ಕಳಿಗೆ ಒಎಇ ಮತ್ತು ಬೆರಾ ಅಂತ ಎರಡು ಪರೀಕ್ಷೆ ಇವೆ. ಒಎಇಗೆ ಕಿವಿಯಲ್ಲಿ ಸಣ್ಣ ಪ್ರೋಬ್ ಇಡುತ್ತಾರೆ, ಬೇಗ ಮುಗಿಯುತ್ತದೆ. ಬೆರಾಗೆ ಹಣೆ ಮತ್ತು ಕಿವಿಯ ಹಿಂದೆ ವೈರ್ ಅಂಟಿಸುತ್ತಾರೆ, ಮಗು ನಿದ್ದೆಯಲ್ಲಿರಬೇಕು. ನಿಮ್ಮ ಅಂಗನವಾಡಿಗೆ ಆರ್‌ಬಿಎಸ್‌ಕೆ ತಂಡ (ಮಕ್ಕಳ ಆರೋಗ್ಯ ತಪಾಸಣೆ ಮಾಡೋ ಸರ್ಕಾರಿ ತಂಡ) ಬರುತ್ತದೆ. ಹುಟ್ಟು ಕಿವುಡು ಕೂಡ ಅವರು ನೋಡಬೇಕಾದ ಪಟ್ಟಿಯಲ್ಲಿದೆ. ಅವರಿಂದ ಚೀಟಿ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ (ಇಂಥ ಮಕ್ಕಳನ್ನು ಬೇಗ ಪತ್ತೆ ಮಾಡಿ ನೋಡಿಕೊಳ್ಳೋ ಕೇಂದ್ರ) ಹೋಗಬಹುದು. ನಾವು ನೇರವಾಗಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಗೊತ್ತಾಗುತ್ತದೆ. ಕೇಂದ್ರ ಸರ್ಕಾರದ್ದು, 1965ರಿಂದ ಇದೆ.

ದುಡ್ಡಿನ ವಿಷಯ. ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರದ ‘ಅಡಿಪ್’ ಯೋಜನೆಯಲ್ಲಿ ಹಿಯರಿಂಗ್ ಏಡ್ ಸಿಗುತ್ತದೆ. ಮನೆಯ ಆದಾಯ ತಿಂಗಳಿಗೆ 22,500 ರೂಪಾಯಿ ಒಳಗಿದ್ದರೆ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ದೊಡ್ಡವರಿಗೆ ಮೂರು ವರ್ಷದ ನಂತರವೇ ಮತ್ತೆ ಕೊಡೋದು, 12 ವರ್ಷದೊಳಗಿನ ಮಕ್ಕಳಿಗೆ ಒಂದೇ ವರ್ಷ ಸಾಕು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಏಡ್‌ನಿಂದ ಉಪಯೋಗವಾಗದಷ್ಟು ಕಿವುಡಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಯಲ್ಲಿ ಕೂರಿಸೋ ಸಾಧನ) ಆಪರೇಷನ್ನಿಗೂ ಇದೇ ಯೋಜನೆ ಸಹಾಯ ಮಾಡುತ್ತದೆ. ಹುಟ್ಟಿನಿಂದ ಕೇಳಿಸದವರಿಗೆ ವಯಸ್ಸು 1ರಿಂದ 5ರೊಳಗೆ ಇರಬೇಕು. ನಿಮ್ಮನ್ನು ಅವಸರ ಮಾಡುತ್ತಿರೋದು ಇದಕ್ಕೂ ಹೌದು.

ಆದರೆ ಮಿಷನ್ ಸಿಕ್ಕಿದ ದಿನ ಕೆಲಸ ಮುಗಿಯಲ್ಲ, ಶುರುವಾಗುತ್ತದೆ. ನಾನಂತೂ ಏಡ್ ಹಾಕಿದ ತಕ್ಷಣ ‘ಅಮ್ಮ’ ಅಂತಾನೆ ಅಂದುಕೊಂಡಿದ್ದೆ. ಅವನು ಕಿತ್ತು ಬಾಯಿಗಿಟ್ಟುಕೊಂಡ! ದಾರ ಕಟ್ಟಿ ಕಾಲರಿಗೆ ಕ್ಲಿಪ್ ಹಾಕಿದೆ. ಕಿವಿ ಬೆಳೆದ ಹಾಗೆಲ್ಲ ಮೋಲ್ಡ್ (ಕಿವಿಯೊಳಗೆ ಕೂರೋ ಅಚ್ಚು) ಸಡಿಲವಾಗಿ ಕುಯ್ ಅನ್ನುತ್ತದೆ, ಹೊಸದು ಮಾಡಿಸಬೇಕು. ಮೈಸೂರಿನ ಪ್ರೀಸ್ಕೂಲಿನಲ್ಲಿ ಮಗುವಿನ ಜೊತೆ ಅಮ್ಮನಿಗೂ ಪಾಠ. ಅದಕ್ಕಾಗಿಯೇ ರೂಮು ಮಾಡಿ ಎರಡು ವರ್ಷ ಇದ್ದೆ. ದಿನಾ ಬೆಳಿಗ್ಗೆ ಅವನಿಗೆ ತುಟಿ ಕಾಣದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ಆ, ಈ, ಊ, ಶ್, ಸ್, ಮ್ ಅಂತ ಆರು ಶಬ್ದ ಹೇಳೋದು, ಅವನು ಕೇಳಿದಾಗೆಲ್ಲ ಒಂದು ಬಳೆ ಡಬ್ಬಕ್ಕೆ ಹಾಕೋದು. ‘ಸ್’ಗೆ ಬಳೆ ಬೀಳಲಿಲ್ಲ ಅಂದರೆ ಬ್ಯಾಟರಿ ನೋಡು ಅಂತ ಅರ್ಥ. ಆಪರೇಷನ್ ಮಾಡಿಸಿ ಮಾತು ಕಲಿಸೋ ಥೆರಪಿಗೆ ಬಾರದೇ ಹೋದವರನ್ನೂ ನೋಡಿದ್ದೇನೆ. ಅವರದ್ದೇ ತಪ್ಪು ಅಂತ ಹೇಳಲಾರೆ. ಕೂಲಿ ಬಿಟ್ಟು ವಾರಕ್ಕೆರಡು ಸಲ ಬಸ್ ಹತ್ತೋದು ಸುಮ್ನೆ ಮಾತಲ್ಲ.

ಯುಡಿಐಡಿ ಕಾರ್ಡಿಗೂ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. ಎರಡೂ ಕಿವಿಯಲ್ಲಿ 60 ಡೆಸಿಬಲ್ ಅಥವಾ ಜಾಸ್ತಿ ನಷ್ಟ ಇರಬೇಕು. ಒಂದೇ ಕಿವಿಯದ್ದಾದರೆ ಕಾನೂನಿನ ಲೆಕ್ಕಕ್ಕೆ ಬರಲ್ಲ. ಅರ್ಜಿ ತುಂಬಲು ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗೆ ನೆರವಾಗೋ ವಿಆರ್‌ಡಬ್ಲ್ಯೂ ಅವರನ್ನು ಕೇಳಿ. ನಮ್ಮೂರಿನವರು ತಾವೂ ಕಾಲಿಲ್ಲದವರು, ಒಂದೇ ಸಲಕ್ಕೆ ಮಾಡಿಸಿಕೊಟ್ಟರು.

ಸನ್ನೆ ಮಾಡಿದರೆ ಮಾತು ಬರಲ್ಲ ಅಂತ ನಿಮಗೆ ಹೇಳೋರು ಸಿಗುತ್ತಾರೆ. ನಂಬಬೇಡಿ. ಮಲಗುವಾಗ, ಸ್ನಾನದಲ್ಲಿ ಏಡ್ ತೆಗೆದಿರುತ್ತೀವಲ್ಲ, ಆಗ ಅವನ ಜೊತೆ ಏನು ಮಾಡೋದು? ನಮ್ಮ ಮನೆಯಲ್ಲಿ ಎರಡೂ ನಡೆಯುತ್ತದೆ. ಈಗ ಮೂರನೇ ಕ್ಲಾಸು, ಊರಿನ ಕನ್ನಡ ಶಾಲೆ. ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಿಂದ ಬಿಐಇಆರ್‌ಟಿ ಮೇಷ್ಟ್ರು, ಅಂದರೆ ವಿಶೇಷ ಅಗತ್ಯವಿರೋ ಮಕ್ಕಳಿಗೆ ಕಲಿಸೋರು, ಬಂದು ಹೋಗುತ್ತಾರೆ. ಕ್ಲಾಸ್ ಟೀಚರಿಗೆ ನಾನು ಕೇಳಿಕೊಂಡಿದ್ದು ಒಂದೇ: ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ.

ಕೊನೆಗೆ ಬೆರಾ ಬಗ್ಗೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಾತ್ರ ನಿದ್ದೆ ಮಾಡಲು ಬಿಡಬೇಡಿ. ನಮ್ಮವನು ಶ್ರೀರಂಗಪಟ್ಟಣ ದಾಟುವಾಗ ಮಲಗಿಬಿಟ್ಟ, ಅಲ್ಲಿ ಹೋಗಿ ಕಣ್ಣರಳಿಸಿಕೊಂಡು ಕೂತ. ಆವತ್ತು ಪರೀಕ್ಷೆ ಆಗಲೇ ಇಲ್ಲ, ಮತ್ತೆ ಇನ್ನೊಂದು ದಿನ ಹೋದೆವು.