ಯುಕೆ ಮೆಡಿಕಲ್ ಸೀಟಿನ ಇಂಟರ್‌ವ್ಯೂಗೆ ಮಗಳನ್ನು ಹೇಗೆ ತಯಾರು ಮಾಡಲಿ?

ನಿಮ್ಮ ಪ್ರಶ್ನೆ ಓದಿದೆ. ನೀವು ಮೈಸೂರಿನಿಂದ ಮ್ಯಾಂಚೆಸ್ಟರ್‌ಗೆ ಬಂದು ಐದು ವರ್ಷ ಆಗಿದೆ. ಮಗಳು ಇಯರ್ 13ರಲ್ಲಿ, ಅಂದರೆ ಇಲ್ಲಿನ ಶಾಲೆಯ ಕೊನೆಯ ವರ್ಷದಲ್ಲಿ ಇದ್ದಾಳೆ. ಒಂದು ಮೆಡಿಕಲ್ ಕಾಲೇಜಿನಿಂದ ಎಂಎಂಐ (ಮಲ್ಟಿಪಲ್ ಮಿನಿ ಇಂಟರ್‌ವ್ಯೂ, ಅಂದರೆ ಹಲವು ಸಣ್ಣ ಸಣ್ಣ ಸುತ್ತುಗಳ ಸಂದರ್ಶನ) ಇಂಟರ್‌ವ್ಯೂಗೆ ಕರೆ ಬಂದಿದೆ, ಮೂರು ವಾರ ಉಳಿದಿದೆ. ಊರಲ್ಲಾದರೆ ನೀಟ್ ರ‍್ಯಾಂಕ್ ಬಂದರೆ ಮುಗೀತು, ಇಲ್ಲಿ ಮಾತಾಡಿಸಿ ನೋಡಿ ಸೀಟು ಕೊಡುತ್ತಾರಂತೆ, ಕೋಚಿಂಗ್‌ಗೆ ದುಡ್ಡು ಕಟ್ಟಬೇಕಾ ಅಂತ ಕೇಳಿದ್ದೀರಿ.

ಮೊದಲು ಖುಷಿ ಪಡಿ. ಬೇಸಿಗೆಯಲ್ಲಿ ಯುಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆದು, ಅಕ್ಟೋಬರ್ 15ರ ಒಳಗೆ ಅರ್ಜಿ ಹಾಕಿ, ಸಿಗುವ ನಾಲ್ಕೇ ನಾಲ್ಕು ಮೆಡಿಕಲ್ ಆಯ್ಕೆಗಳಲ್ಲಿ ಒಂದರಿಂದ ಕರೆ ಬರುವುದು ಸಣ್ಣ ವಿಷಯವಲ್ಲ. ಓದಿನಲ್ಲಿ ಅವಳು ಸಾಕು ಅಂತ ಅವರು ಆಗಲೇ ಒಪ್ಪಿದ್ದಾರೆ.

ನನ್ನ ಬಗ್ಗೆ ಹೇಳಿಬಿಡುತ್ತೇನೆ. ನಾನು ಶಿವಮೊಗ್ಗದವಳು. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿದೆ, ಇಲ್ಲಿ ವಯಸ್ಸಾದವರ ವಾರ್ಡಿನಲ್ಲಿ ಡಾಕ್ಟರ್. ಕೆಲವು ವರ್ಷ ಎಂಎಂಐನಲ್ಲಿ ಮಾರ್ಕ್ಸ್ ಹಾಕುವ ಕಡೆ ಕೂತಿದ್ದೇನೆ. ನನ್ನ ಮಗಳೇ ಅರ್ಜಿ ಹಾಕಿದ ವರ್ಷ ಮಾತ್ರ ಆ ಕೆಲಸ ಬಿಟ್ಟು ಅಮ್ಮನಾಗಿ ಇದ್ದೆ. ನಾನು ನೋಡಿದ ಸ್ಟೇಷನ್‌ಗಳ (ಒಂದೊಂದು ಸಣ್ಣ ಸುತ್ತಿಗೂ ಸ್ಟೇಷನ್ ಅನ್ನುತ್ತಾರೆ) ಪ್ರಶ್ನೆ ಹೊರಗೆ ಹೇಳುವಂತಿಲ್ಲ, ಹೇಳುವುದೂ ಇಲ್ಲ. ಆದರೆ ತಯಾರಿ ಬಗ್ಗೆ ಹೇಳುವುದು ಬೇಕಾದಷ್ಟಿದೆ.

ಕೋಚಿಂಗ್ ಬೇಡ. ಬಾಯಿಪಾಠ ಮಾಡಿಕೊಂಡು ಬಂದ ಮಗು ಎದುರಿಗೆ ಕೂತ ಅರ್ಧ ನಿಮಿಷಕ್ಕೆ ಗೊತ್ತಾಗುತ್ತದೆ. ಕಣ್ಣು ನಮ್ಮ ಮೇಲೆ ಇರುತ್ತದೆ, ಮನಸ್ಸು ಮುಂದಿನ ಸಾಲು ಹುಡುಕುತ್ತಿರುತ್ತದೆ. ನಡುವೆ ನಾವು ಒಂದು ಸಣ್ಣ ಪ್ರಶ್ನೆ ಕೇಳಿದರೆ ಪೂರ್ತಿ ಮಾತೇ ಕಡಿದುಹೋಗುತ್ತದೆ. ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ, ಯಾಕೆಂದರೆ ಆ ಮಗು ಜಾಣ ಮಗುವೇ. ಇಲ್ಲಿನ ಮೆಡಿಕಲ್ ಕಾಲೇಜುಗಳ ಒಕ್ಕೂಟವಾದ ಮೆಡಿಕಲ್ ಸ್ಕೂಲ್ಸ್ ಕೌನ್ಸಿಲ್‌ನವರ ಮಾಹಿತಿ ಪುಕ್ಕಟೆ ಸಿಗುತ್ತದೆ, ಶುರುವಿಗೆ ಅದು ಸಾಕು.

ಎಂಎಂಐ ಅಂದರೆ ಏನು ಅಂತ ನಿಮಗೂ ಗೊತ್ತಿರಲಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪದ್ಧತಿ ಇದು. 2004ರಲ್ಲಿ ಅವರು ಅದರ ಬಗ್ಗೆ ಲೇಖನ ಬರೆದ ಮೇಲೆ ಬೇರೆ ಬೇರೆ ದೇಶಗಳಿಗೆ ಹಬ್ಬಿತು. ಒಂದೇ ಕೋಣೆಯಲ್ಲಿ ಮೂರು ಜನ ಕೂತು ಅರ್ಧ ಗಂಟೆ ಮಾತಾಡಿಸಿದರೆ, ಮೊದಲ ಎರಡು ನಿಮಿಷದಲ್ಲಿ ಮೂಡಿದ ಅಭಿಪ್ರಾಯವೇ ಎಲ್ಲವನ್ನೂ ನಿರ್ಧರಿಸಿಬಿಡಬಹುದು. ಅದಕ್ಕೇ ಇಂಟರ್‌ವ್ಯೂವನ್ನು ತುಂಡು ತುಂಡು ಮಾಡಿದರು. ಬಾಗಿಲ ಹೊರಗೆ ಅಂಟಿಸಿದ ಚೀಟಿ ಓದಲು ಒಂದೆರಡು ನಿಮಿಷ. ಗಂಟೆ ಹೊಡೆದರೆ ಒಳಗೆ ಹೋಗಬೇಕು. ಐದರಿಂದ ಎಂಟು ನಿಮಿಷ ಮಾತು. ಮತ್ತೆ ಗಂಟೆ, ಮುಂದಿನ ಬಾಗಿಲು. ಒಂದೊಂದು ಕಡೆ ಒಬ್ಬೊಬ್ಬರು ಮಾರ್ಕ್ಸ್ ಹಾಕುತ್ತಾರೆ. ಅವರಲ್ಲಿ ಡಾಕ್ಟರ್, ನರ್ಸ್, ಮೆಡಿಕಲ್ ವಿದ್ಯಾರ್ಥಿ ಮಾತ್ರವಲ್ಲ, ಊರಿನ ಸಾಮಾನ್ಯ ಜನರೂ ಇರಬಹುದು. ಹಿಂದಿನ ಕೋಣೆಯಲ್ಲಿ ಏನಾಯಿತು ಅಂತ ಮುಂದಿನವರಿಗೆ ಗೊತ್ತಿರುವುದಿಲ್ಲ. ಇದನ್ನು ಮಗಳಿಗೆ ನಾಲ್ಕು ಸಲ ಹೇಳಿ. ಒಂದು ಸ್ಟೇಷನ್ ಕೆಟ್ಟರೆ ಕೆಟ್ಟಿತು, ಮುಂದಿನ ಬಾಗಿಲಿಗೆ ಅವಳು ಹೊಸಬಳು.

ಆಕ್ಸ್‌ಫರ್ಡ್, ಕೇಂಬ್ರಿಜ್ ದಾರಿ ಬೇರೆ. ಅಲ್ಲಿ ಪ್ರೊಫೆಸರ್‌ಗಳು ಕೂತು ವಿಜ್ಞಾನದ ಪ್ರಶ್ನೆ ಕೆದಕುತ್ತಾರೆ. ನಿಮಗೆ ಬಂದಿರುವುದು ಅದಲ್ಲ, ಹಾಗಾಗಿ ಬಿಡಿ.

ನಮ್ಮ ಮನೆಗಳ ಮಕ್ಕಳಿಗೆ ಕಷ್ಟವಾಗುವುದು ನಟ ಅಥವಾ ನಟಿ ರೋಗಿಯ ಅಥವಾ ದುಃಖದಲ್ಲಿರುವವರ ಪಾತ್ರ ಹಾಕಿ ಎದುರಿಗೆ ಕೂರುವ ಸ್ಟೇಷನ್. ನಮ್ಮಲ್ಲಿ ಪ್ರಶ್ನೆ ಕೇಳಿದ ತಕ್ಷಣ ಉತ್ತರ ಹೇಳುವ ಮಗುವೇ ಜಾಣ. ಅದು ಯುಕ್ಯಾಟ್‌ಗೆ ಸರಿ, ಅಳುತ್ತಿರುವ ಮನುಷ್ಯನ ಮುಂದೆ ನಡೆಯುವುದಿಲ್ಲ. ತಯಾರಿಗೆ ಎಲ್ಲರೂ ಬಳಸುವ ಒಂದು ಹಳೇ ಸನ್ನಿವೇಶ ಇದೆ: ನಿಮ್ಮ ಕಾರಿಗೆ ಸಿಕ್ಕಿ ಪಕ್ಕದ ಮನೆಯವರ ಬೆಕ್ಕು ಸತ್ತಿದೆ, ಹೋಗಿ ಹೇಳಿ. ನನ್ನ ಮಗಳು ಇದನ್ನು ಎದುರು ಮನೆಯ ಅಜ್ಜನ ಹತ್ತಿರ ಅಭ್ಯಾಸ ಮಾಡಿದಳು. ಅವರು ಬಸ್ ಡ್ರೈವರ್ ಆಗಿ ನಿವೃತ್ತಿಯಾದವರು. ನಮ್ಮ ಅಡುಗೆಮನೆ ಮೇಜಿನ ಹತ್ತಿರ ಕೂತರು. ಇವಳು ನಲವತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಸಿದಳು. ಕತ್ತಲಿತ್ತು, ಬ್ರೇಕ್ ಹಾಕಿದೆ, ತಕ್ಷಣ ಡಾಕ್ಟರ್ ಹತ್ತಿರ ಒಯ್ದೆ, ಖರ್ಚು ನಾನೇ ಕೊಡುತ್ತೇನೆ, ಬೇಕಾದರೆ ಇನ್ನೊಂದು ಬೆಕ್ಕು ತಂದುಕೊಡುತ್ತೇನೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಅದರ ಹೆಸರೇನು ಅಂತ ನೀನು ಕೇಳಲೇ ಇಲ್ಲವಲ್ಲ ಮಗಳೇ."

ಅವಳ ತಯಾರಿ ಶುರುವಾಗಿದ್ದು ಆ ದಿನ ಅಂತ ನನಗೆ ಅನಿಸುತ್ತದೆ. ಎರಡನೇ ಸಲ ಅವಳು "ಒಂದು ಕೆಟ್ಟ ಸುದ್ದಿ ಹೇಳಬೇಕಿದೆ, ಕೂರೋಣವೇ" ಅಂತ ಶುರು ಮಾಡಿದಳು. ವಿಷಯವನ್ನು ಸುತ್ತಿ ಬಳಸದೆ ಒಂದೇ ವಾಕ್ಯದಲ್ಲಿ ಹೇಳಿ, ತಪ್ಪು ಒಪ್ಪಿಕೊಂಡಳು. ಆಮೇಲೆ ಬಾಯಿ ಮುಚ್ಚಿ ಕೂತಳು. ಸುಮ್ಮನೆ ಕೂರುವುದು ತುಂಬಾ ಕಷ್ಟ. ಆದರೆ ಇದು ನಮಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಸಾವಿನ ಮನೆಗೆ ಹೋದಾಗ ನಮ್ಮ ಹಿರಿಯ ಹೆಂಗಸರು ಏನೂ ಮಾತಾಡದೆ ಪಕ್ಕದಲ್ಲಿ ಕೂರುತ್ತಾರೆ, ಕೈ ಹಿಡಿದುಕೊಳ್ಳುತ್ತಾರೆ. ಮಗಳಿಗೆ ಅದನ್ನು ನೆನಪಿಸಿ. ಇಂಟರ್‌ವ್ಯೂನಲ್ಲಿ ಕೈ ಹಿಡಿಯಬೇಕಾಗಿಲ್ಲ, ಆ ತಾಳ್ಮೆ ಸಾಕು.

ಅಭ್ಯಾಸಕ್ಕೆ ನೀವು ಕೂರಬೇಡಿ. ಅಪ್ಪ ಅಮ್ಮ ಎದುರಿಗಿದ್ದರೆ ಮಕ್ಕಳು ವಾದಕ್ಕೆ ಇಳಿಯುತ್ತಾರೆ, ನಾವು ಪಾಠಕ್ಕೆ ಇಳಿಯುತ್ತೇವೆ. ಅವಳಿಗೆ ಅಷ್ಟಾಗಿ ಪರಿಚಯವಿಲ್ಲದ ಮೂರು ನಾಲ್ಕು ಜನರನ್ನು ಹಿಡಿಯಿರಿ. ಸ್ಕೂಲಿನ ಟೀಚರ್, ಪಕ್ಕದ ಮನೆಯವರು, ಕನ್ನಡ ಸಂಘದಲ್ಲಿ ಸಿಗುವ ಯಾರೋ ಆಂಟಿ. ಫೋನಿನಲ್ಲಿ ಟೈಮರ್ ಇಡಿ, ಒಂದೆರಡು ಸಲ ರೆಕಾರ್ಡ್ ಮಾಡಿ ಅವಳೇ ಕೇಳಿಸಿಕೊಳ್ಳಲಿ. ದಿನಾ ಇಪ್ಪತ್ತು ನಿಮಿಷ ಸಾಕು.

ಇನ್ನು "ಡಾಕ್ಟರ್ ಯಾಕೆ ಆಗಬೇಕು?" ಇದಕ್ಕೆ "ಜನಸೇವೆ ಮಾಡಬೇಕು" ಅಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ನರ್ಸ್ ಯಾಕೆ ಆಗಬಾರದು? ನಮ್ಮ ಮಕ್ಕಳು ಎಡವುವುದು ಇಲ್ಲಿ. ಮನೆಯಲ್ಲಿ ನಾವು ನರ್ಸ್ ಕೆಲಸದ ಬಗ್ಗೆ ಹಗುರವಾಗಿ ಆಡಿದ ಮಾತು ಅವರ ಬಾಯಿಂದ ಗೊತ್ತಿಲ್ಲದೆ ಬರುತ್ತದೆ. ಮಾರ್ಕ್ಸ್ ಹಾಕುತ್ತಿರುವವರೇ ನರ್ಸ್ ಆಗಿರಬಹುದು. ಅದಕ್ಕಿಂತ ಮುಖ್ಯ, ಆ ಭಾವನೆಯೇ ತಪ್ಪು. ಇಲ್ಲಿ ಹೆಚ್ಚಿನ ತರಬೇತಿ ಪಡೆದ ನರ್ಸ್‌ಗಳು ಔಷಧಿಯನ್ನೂ ಬರೆಯುತ್ತಾರೆ. ನನ್ನ ವಾರ್ಡಿನಲ್ಲಿ ರೋಗಿಯ ಸ್ಥಿತಿ ಬದಲಾಗಿದೆ ಅಂತ ಮೊದಲು ಗುರುತಿಸುವುದು ಹೆಚ್ಚಾಗಿ ಅವರೇ. ಡಾಕ್ಟರ್ ಕೆಲಸದಲ್ಲಿ ಅವಳನ್ನು ಸೆಳೆಯುವುದು ಏನು, ರೋಗ ಏನೆಂದು ಹುಡುಕುವುದಾ, ಪೂರ್ತಿ ಗೊತ್ತಿಲ್ಲದಾಗಲೂ ನಿರ್ಧಾರ ಮಾಡಬೇಕಾದ ಜವಾಬ್ದಾರಿಯಾ, ಅದನ್ನು ಅವಳೇ ಹುಡುಕಿಕೊಳ್ಳಬೇಕು. "ನಮ್ಮ ಅಪ್ಪ ಅಮ್ಮನ ಆಸೆ" ಅನ್ನುವುದು ಉತ್ತರವಲ್ಲ. ಈ ಬಗ್ಗೆ ಅವಳ ಹತ್ತಿರ ಒಂದು ಸಲ ಮನಬಿಚ್ಚಿ ಮಾತಾಡಿ. ನಿಜವಾಗಿ ಅವಳಿಗೇ ಬೇಕಾ ಅಂತ ಕೇಳಿ.

ವರ್ಕ್ ಎಕ್ಸ್‌ಪೀರಿಯನ್ಸ್ ಬಗ್ಗೆ ನೀವು ಗಾಬರಿಯಾಗಿದ್ದೀರಿ, ದೊಡ್ಡ ಆಸ್ಪತ್ರೆಯಲ್ಲಿ ಸಿಕ್ಕಿಲ್ಲ ಅಂತ. ಬೇಕಾಗಿಲ್ಲ. ಎಲ್ಲಿ ಹೋಗಿದ್ದಳು ಅನ್ನುವುದಕ್ಕಿಂತ ಏನು ಗಮನಿಸಿದಳು ಅನ್ನುವುದು ಮುಖ್ಯ. ನನ್ನ ಮಗಳು ಶನಿವಾರ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕೇರ್ ಹೋಮ್‌ನಲ್ಲಿ ಟೀ ಕೊಡಲು ಹೋಗುತ್ತಿದ್ದಳು. ನುಂಗಲು ತೊಂದರೆ ಇರುವವರ ಟೀಗೆ ಒಂದು ಪುಡಿ ಹಾಕಿ ಗಟ್ಟಿ ಮಾಡುತ್ತಾರೆ, ನೀರಾಗಿದ್ದರೆ ಶ್ವಾಸಕೋಶಕ್ಕೆ ಇಳಿಯುವ ಭಯ. ಒಬ್ಬ ತಾತ ಪ್ರತಿ ವಾರ ಆ ಲೋಟವನ್ನು ಹಾಗೇ ಬಿಡುತ್ತಿದ್ದರು. ಇವಳು ಯಾಕೆ ಅಂತ ಕೇಳಿದಳು. "ಇದು ಟೀ ಅಲ್ಲ, ಗಂಜಿ" ಅನ್ನುವ ಅರ್ಥದಲ್ಲಿ ಅವರು ಏನೋ ಅಂದರಂತೆ. ಇವಳು ಹೋಗಿ ಅಲ್ಲಿನ ನರ್ಸ್‌ಗೆ ತಿಳಿಸಿದಳು. ಅಷ್ಟೇ ನಡೆದಿದ್ದು. ಆದರೆ ಅದರಲ್ಲಿ ಎಲ್ಲ ಇದೆ. ಸುರಕ್ಷೆ ಮುಖ್ಯವಾ, ಆ ಮನುಷ್ಯನ ಒಂದು ಲೋಟ ಟೀ ಸುಖ ಮುಖ್ಯವಾ? ಯಾರು ತೀರ್ಮಾನ ಮಾಡಬೇಕು? ಅವಳು ತಾನೇ ಪುಡಿ ಇಲ್ಲದ ಟೀ ಕೊಡದೆ ನರ್ಸ್‌ಗೆ ಹೇಳಿದ್ದು ಯಾಕೆ ಸರಿ?

ನಿಮ್ಮ ಮನೆಯಲ್ಲೇ ಇಂಥದ್ದು ಇರುತ್ತದೆ. ನಮ್ಮ ಅಮ್ಮ ಊರಿಂದ ಬಂದಿದ್ದಾಗ ಡಾಕ್ಟರ್ ಹತ್ತಿರ ಮಗಳೇ ಕರೆದುಕೊಂಡು ಹೋದಳು, ನಾನು ಡ್ಯೂಟಿಯಲ್ಲಿದ್ದೆ. ಅಮ್ಮ "ಎದೆಯಲ್ಲಿ ಒಂಥರಾ ಸಂಕಟ" ಅಂದರು. ಮಗಳು ಅದನ್ನು ಮನಸ್ಸಿನ ದುಃಖ ಅಂತ ತಿಳಿದು ಇಂಗ್ಲಿಷ್‌ನಲ್ಲಿ ಹೇಳಿದಳು. ಡಾಕ್ಟರ್ ನಿದ್ದೆ, ಮನಸ್ಸು, ಒಂಟಿತನ ಅಂತ ಕೇಳುತ್ತಾ ಹೋದರು. ಅಮ್ಮ ಎದೆ ಮುಟ್ಟಿ ತೋರಿಸಿದ ಮೇಲೆ ಗೊತ್ತಾಯಿತು. ಪುಣ್ಯಕ್ಕೆ ಅದು ಬರೀ ಆಸಿಡಿಟಿ. ಮನೆಯವರನ್ನು ಅನುವಾದಕ್ಕೆ ಕೂರಿಸಬಾರದು, ಆ ಕೆಲಸ ಕಲಿತವರನ್ನೇ ಕರೆಸಬೇಕು ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುವುದು ಯಾಕೆ ಅಂತ ಅವಳಿಗೆ ಆ ದಿನ ಅರ್ಥವಾಯಿತು. ಇಂಟರ್‌ವ್ಯೂನಲ್ಲಿ ತನ್ನ ತಪ್ಪು ಹೇಳು ಅಂದಾಗ ಅವಳು ಇದನ್ನೇ ಹೇಳಿದಳು. ಕನ್ನಡ ಮನೆಯ ಮಗು ಅನ್ನುವುದು ಅಲ್ಲಿ ಬಲವೇ, ಅಡಗಿಸುವ ವಿಷಯವಲ್ಲ.

ಎಥಿಕ್ಸ್ ಪ್ರಶ್ನೆಗೆ ನಾಲ್ಕು ತತ್ವಗಳನ್ನು ಎಲ್ಲರೂ ಕಲಿತು ಬರುತ್ತಾರೆ: ರೋಗಿಯ ಇಚ್ಛೆ, ಒಳಿತು ಮಾಡುವುದು, ಕೇಡು ಮಾಡದಿರುವುದು, ನ್ಯಾಯ. ಹೆಸರು ಹೇಳಿದರೆ ಮಾರ್ಕ್ಸ್ ಇಲ್ಲ. ಎರಡು ತತ್ವ ಒಂದಕ್ಕೊಂದು ಡಿಕ್ಕಿ ಹೊಡೆದಾಗ ಏನು ಮಾಡುತ್ತೀಯ ಅನ್ನುವುದೇ ಪ್ರಶ್ನೆ. ಮೂರ್ಛೆ ರೋಗ ಇರುವವರು ಕಾರು ಓಡಿಸುತ್ತಲೇ ಇದ್ದಾರೆ, ಯಾರಿಗೂ ಹೇಳಬೇಡಿ ಅನ್ನುತ್ತಾರೆ. ಮೊದಲು ಅವರ ಕಾರಣ ಕೇಳಬೇಕು, ಕೆಲಸ ಹೋಗುವ ಭಯವೇ ಇರಬಹುದು. ಲೈಸೆನ್ಸ್ ಕಚೇರಿಗೆ ಅವರೇ ತಿಳಿಸುವಂತೆ ಒಪ್ಪಿಸಲು ನೋಡಬೇಕು. ಏನು ಮಾಡಿದರೂ ಒಪ್ಪದಿದ್ದರೆ, ಅವರಿಗೆ ಹೇಳಿಯೇ ಡಾಕ್ಟರ್ ತಿಳಿಸಬಹುದು. ಡಾಕ್ಟರ್‌ಗಳ ಮೇಲ್ವಿಚಾರಣೆ ಮಾಡುವ ಜನರಲ್ ಮೆಡಿಕಲ್ ಕೌನ್ಸಿಲ್‌ನ ನಿಯಮ ಹಾಗಿದೆ. ಡಾಕ್ಟರ್ ಹೇಗೆ ನಡೆದುಕೊಳ್ಳಬೇಕು ಅನ್ನುವ ಅವರ ಕೈಪಿಡಿ, ಗುಡ್ ಮೆಡಿಕಲ್ ಪ್ರ್ಯಾಕ್ಟೀಸ್, 2024ರ ಜನವರಿಯಲ್ಲಿ ಹೊಸದಾಗಿ ಜಾರಿಗೆ ಬಂದಿದೆ. ಮಗಳು ಅದನ್ನು ಒಂದು ಸಲ ಪೂರ್ತಿ ಓದಲಿ, ಉದ್ದವೇನಿಲ್ಲ.

ಇನ್ನೊಂದು, ನಮ್ಮವರಿಗೆ ಗೊತ್ತಿರಲೇಬೇಕಾದ ವಿಷಯ. ಬೆಳಗಾವಿಯ ಸವಿತಾ ಹಾಲಪ್ಪನವರ್, ಹಲ್ಲಿನ ಡಾಕ್ಟರ್, 31 ವರ್ಷ. 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ 17 ವಾರದ ಬಸುರಿ. ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾಗಿತ್ತು. ತೆಗೆದುಬಿಡಿ ಅಂತ ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿದೆ, ಕಾನೂನು ಬಿಡುವುದಿಲ್ಲ ಅಂತ ಆಸ್ಪತ್ರೆಯವರು ಅಂದರು. ಮೈಗೆ ನಂಜೇರಿ ಸವಿತಾ 28ರಂದು ತೀರಿಕೊಂಡರು. ಅವರ ಸಾವಿನಿಂದ ಎದ್ದ ಕೂಗು 2018ರ ಮೇ ತಿಂಗಳ ಜನಮತದ ತನಕ ಮುಟ್ಟಿತು, ಆ ದೇಶದ ಸಂವಿಧಾನವೇ ಬದಲಾಯಿತು. ಆದರೆ ತನಿಖೆಯಲ್ಲಿ ಹೊರಬಂದಿದ್ದು ಕಾನೂನಿನ ವಿಷಯ ಮಾತ್ರವಲ್ಲ. ನಂಜಿನ ಲಕ್ಷಣಗಳನ್ನು ಸರಿಯಾಗಿ ಗಮನಿಸಿರಲಿಲ್ಲ ಅನ್ನುವುದೂ ಇತ್ತು. ಕಾನೂನನ್ನು ಬೈದು ನಿಲ್ಲಿಸುವ ಮಗುವಿಗಿಂತ, ಈ ಎರಡನ್ನೂ ಒಟ್ಟಿಗೆ ಹಿಡಿದು ಮಾತಾಡುವ ಮಗು ಮುಂದೆ ಹೋಗುತ್ತದೆ. ಮಾರ್ಕ್ಸಿಗೆ ಅಂತ ಅಲ್ಲ, ಡಾಕ್ಟರ್ ಆಗುವವಳು ಸವಿತಾ ಹೆಸರು ಮರೆಯಬಾರದು ಅಂತ ಹೇಳುತ್ತಿದ್ದೇನೆ.

ಎನ್‌ಎಚ್‌ಎಸ್ ಸುದ್ದಿ ಸ್ವಲ್ಪ ಓದಲಿ. ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ಕಾಯುತ್ತಿರುವ ಪ್ರಕರಣಗಳ ಪಟ್ಟಿ 70 ಲಕ್ಷ ದಾಟಿದ್ದು ಯಾಕೆ, ಡಾಕ್ಟರ್‌ಗಳು ಮುಷ್ಕರ ಮಾಡಿದ್ದು ಯಾಕೆ, ಇಷ್ಟು ಗೊತ್ತಿದ್ದರೆ ಸಾಕು. ಗೊತ್ತಿಲ್ಲದ್ದು ಕೇಳಿದರೆ "ಗೊತ್ತಿಲ್ಲ, ಆದರೆ ಹೀಗಿರಬಹುದು ಅನಿಸುತ್ತದೆ" ಅನ್ನಲಿ.

ಆನ್‌ಲೈನ್ ಆದರೆ ಲ್ಯಾಪ್‌ಟಾಪ್ ಕೆಳಗೆ ನಾಲ್ಕು ಪುಸ್ತಕ ಇಟ್ಟು ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ತನ್ನಿ, ಆ ಹೊತ್ತಿನಲ್ಲಿ ಕುಕ್ಕರ್ ಇಡಬೇಡಿ. ಅಲ್ಲಿಗೇ ಹೋಗಬೇಕಾದರೆ ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ಒಂದು ಗಂಟೆ ಮೊದಲೇ ಊರು ಮುಟ್ಟಿ. ನೀವು ಹೊರಗೆ ಎಲ್ಲಾದರೂ ಕಾಫಿ ಕುಡಿಯುತ್ತಾ ಕೂತಿರಿ, ಬಾಗಿಲ ತನಕ ಹೋಗಬೇಡಿ. ಏನು ಪ್ರಶ್ನೆ ಬಂತು ಅಂತ ಸಂಜೆ ಕೇಳಬೇಡಿ, ಹೊರಗೆ ಹೇಳುವುದಿಲ್ಲ ಅಂತ ಅವಳು ಒಪ್ಪಿಕೊಂಡು ಬಂದಿರುತ್ತಾಳೆ. ಊರಿಗೂ ಫೋನ್ ಮಾಡಿ ಹೇಳಿಬಿಡಿ, ಆ ವಾರ ಅಜ್ಜಿ ತಾತ "ಹೇಗಾಯ್ತು" ಅಂತ ಕೇಳುವುದು ಬೇಡ. ಉತ್ತರ ಬರಲು ವಾರಗಳೇ ಹಿಡಿಯಬಹುದು, ಕೆಲವರಿಗೆ ಮಾರ್ಚ್ ತನಕವೂ ಬರುವುದಿಲ್ಲ. ಅಷ್ಟರಲ್ಲಿ ಎ ಲೆವೆಲ್ (ನಮ್ಮ ಪಿಯುಸಿ ಥರದ ಪರೀಕ್ಷೆ) ಓದು ಬಾಕಿ ಇರುತ್ತದೆ, ಆಫರ್ ಬಂದರೂ ಆ ಗ್ರೇಡ್ ಬೇಕೇ ಬೇಕು.

ಎದುರಿಗೆ ಕೂರಲು ಯಾರೂ ಸಿಗದಿದ್ದರೆ ಇಲ್ಲೇ ಬರೆಯಿರಿ. ವಾರಕ್ಕೆ ಎರಡು ಸಂಜೆ ವೀಡಿಯೊ ಕಾಲ್‌ನಲ್ಲಿ ನಾನು ಕೂರುತ್ತೇನೆ. ಬೆಕ್ಕು ಕಳೆದುಕೊಂಡವಳ ಪಾತ್ರ ನನ್ನದೇ ಇರಲಿ.