ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರ್ ಬೇಡ

ಕಂಪ್ಯೂಟರನ್ನು ನೀರಿನಿಂದ ತಂಪು ಮಾಡಲು, ಹಳೆ ಬೈಕಿನ ಅಲ್ಯೂಮಿನಿಯಂ ರೇಡಿಯೇಟರನ್ನು ನೀವೇ ಮಾಡಿದ ತಾಮ್ರದ ವಾಟರ್ ಬ್ಲಾಕಿಗೆ (ಪ್ರೊಸೆಸರ್ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ಕೊಡುವ ಭಾಗ) ಜೋಡಿಸಬಹುದಾ, ಡಿಸ್ಟಿಲ್ಡ್ ವಾಟರ್ ಹಾಕಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಜೋಡಿಸಬೇಡಿ. ಒಂದೇ ನೀರಿನಲ್ಲಿ ಈ ಎರಡು ಲೋಹ ಇದ್ದರೆ ಅದು ಬ್ಯಾಟರಿಯ ಹಾಗೆ ಕೆಲಸ ಮಾಡುತ್ತದೆ, ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ಕೂಡ ಪೈಪು, ಲೋಹಗಳ ಅಂಶ ಸೇರಿ ನಿಧಾನಕ್ಕೆ ಕರೆಂಟ್ ಹರಿಯುವ ನೀರೇ ಆಗುತ್ತದೆ. ನನ್ನ ಮೊದಲ ಲೂಪ್ (ನೀರು ಸುತ್ತುವ ಇಡೀ ವ್ಯವಸ್ಥೆ) ಹೀಗೇ ಹಾಳಾಯಿತು. ಬ್ಲಾಕಿನ ಸಣ್ಣ ಸೀಳುಗಳಲ್ಲಿ ಬಿಳಿ ಪುಡಿ ಕಟ್ಟಿಕೊಂಡಿತ್ತು.

ಅದರ ಬದಲು ಗುಜರಿಯಲ್ಲಿ ಹಳೆ ಕಾರಿನ ತಾಮ್ರ-ಹಿತ್ತಾಳೆಯ ಹೀಟರ್ ಕೋರ್ (ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್) ಹುಡುಕಿ. ಪೇಂಟ್ ಸ್ವಲ್ಪ ಕೆರೆದು ನೋಡಿ, ಕೆಂಪೋ ಹಳದಿಯೋ ಕಂಡರೆ ಸರಿ. ಒಳಗಿನ ಕೊಳೆ ಹೋಗುವ ತನಕ ಬಿಸಿನೀರಿನಲ್ಲಿ ತೊಳೆಯಿರಿ, ಕೊನೆಗೆ ಡಿಸ್ಟಿಲ್ಡ್ ವಾಟರಿನಲ್ಲಿ. ಫಿಟ್ಟಿಂಗ್ ಕೂಡ ಹಿತ್ತಾಳೆಯದ್ದೇ ಇರಲಿ.

ಕಂಪ್ಯೂಟರಿಗೆ ಪ್ಲೈವುಡ್ ಕೇಸ್ ಮಾಡುವ ನಿಮ್ಮ ಯೋಚನೆ ಒಳ್ಳೆಯದು. ಆದರೆ ಮದರ್‌ಬೋರ್ಡನ್ನು ನೇರ ಮರಕ್ಕೆ ಬಿಗಿಯಬೇಡಿ. ಹಳೆ ಕ್ಯಾಬಿನೆಟ್ಟಿನ ತಗಡಿನ ಟ್ರೇ ಕತ್ತರಿಸಿ ಹಾಕಿ, ಪವರ್ ಸಪ್ಲೈ ಬಾಡಿಗೆ ಒಂದು ವೈರ್‌ನಿಂದ ಸೇರಿಸಿ, ಅರ್ಥಿಂಗ್ ಸಿಗುತ್ತದೆ. ಟ್ರೇ ಕತ್ತರಿಸಲು ಬೇಕಾದರೆ, ಎಟಿಎಕ್ಸ್ ಎಂಬ ಮಾಮೂಲಿ ಗಾತ್ರದ ಮದರ್‌ಬೋರ್ಡ್ ಅಳತೆ 305×244 ಮಿ.ಮೀ.

ನೀರಿನ ಟ್ಯಾಂಕ್ ಪಂಪಿಗಿಂತ ಮೇಲಿರಲಿ, ಪಂಪ್ ಒಣಗಿ ಓಡಬಾರದು. ಬೋರ್ಡಿಗೆ ಕರೆಂಟ್ ಕೊಡದೆ, ಬೇರೆ 12 ವೋಲ್ಟ್ ಅಡಾಪ್ಟರಿನಿಂದ ಪಂಪ್ ಮಾತ್ರ 24 ಗಂಟೆ ಓಡಿಸಿ. ಪ್ರತಿ ಜಾಯಿಂಟಿನ ಕೆಳಗೂ ಟಿಶ್ಯೂ ಪೇಪರ್ ಇಡಿ. ಒಂದು ಹನಿ ಬಿದ್ದರೂ ಗೊತ್ತಾಗುತ್ತದೆ. ಬ್ಲಾಕಿನ ಮುಚ್ಚಳಕ್ಕೆ ಓ-ರಿಂಗ್ (ನೀರು ಸೋರದಂತೆ ಹಾಕುವ ರಬ್ಬರ್ ಬಳೆ) ಹಾಕಿದ್ದೀರಾ, ಬರೀ ಸಿಲಿಕೋನ್ ಹಚ್ಚಿದ್ದೀರಾ? ಫೋಟೋ ಹಾಕಿ, ನೋಡೋಣ.